ಹುಟ್ಟು ಹಾಕೋರ ಜೆರ್ಸಿ: ಹವಾಯಿಯ ದೋಣಿ ತಂಡಗಳು ಮೈಮೇಲೆ ಹೊತ್ತಿರೋ ಚರಿತ್ರೆ

1/8

ಮೊದಲ ಸ್ಲೈಡ್‌ನಲ್ಲಿರೋ ಚಿತ್ರವನ್ನ ಒಂದು ನಿಮಿಷ ಸರಿಯಾಗಿ ನೋಡಿ, ಆಮೇಲೆ ಓದಿ.

ಸಮುದ್ರದಲ್ಲಿ ಎರಡು ದೋಣಿ ಸೇರಿಸಿ ಕಟ್ಟಿದ ಒಂದು ಜೋಡಿದೋಣಿ ಇದೆ. ಅದರೊಳಗೆ ಹುಟ್ಟು ಹಾಕ್ತಿರೋರ ಮುಖ ಕಾಣಲ್ಲ. ತಲೆಗೆಲ್ಲ ಸೋರೆಬುರುಡೆ ಕವುಚಿಕೊಂಡಿದ್ದಾರೆ. ಕಣ್ಣಿಗೆ ತೂತು, ನೆತ್ತಿ ಮೇಲೆ ಸಿಕ್ಕಿಸಿದ ಹಸಿರು ಕಡ್ಡಿಗಳು, ಗಲ್ಲದ ಕೆಳಗೆ ಗಡ್ಡದ ಥರ ಇಳಿಬಿಟ್ಟಿರೋ ಬಟ್ಟೆಯ ಪಟ್ಟಿಗಳು. ಫ್ಯಾಂಟಸಿ ಸಿನಿಮಾದ ಸ್ಟಿಲ್ ಅಂದ್ಕೊಂಡ್ರೆ ತಪ್ಪಿಲ್ಲ. ಆದರೆ ಇದು 1779ರ ಹವಾಯಿ. ಕ್ಯಾಪ್ಟನ್ ಜೇಮ್ಸ್ ಕುಕ್‌ನ ಮೂರನೇ ಯಾನದ ಜೊತೆ ಹೋಗಿದ್ದ ಜಾನ್ ವೆಬರ್ ಅನ್ನೋ ಚಿತ್ರಕಾರ ಬರೆದಿದ್ದು. 1784ರಲ್ಲಿ ಆ ಯಾನದ ಪುಸ್ತಕದ ಜೊತೆ ಅಚ್ಚಾಗಿ ಯುರೋಪಿಗೆಲ್ಲ ಹರಡಿತು.

ನಾನು ನೋಡಿರೋ ಮಟ್ಟಿಗೆ, ಒಂದು ದೋಣಿ ತಂಡ ಒಂದೇ ಥರ ಡ್ರೆಸ್ ಮಾಡ್ಕೊಂಡಿರೋ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಜೆರ್ಸಿ ಅನ್ನೋ ಮಾತೇ ಇಲ್ಲದ ಕಾಲದ ಜೆರ್ಸಿ.

ನಮ್ಮ ಸೆಕ್ಷನ್ ವಾಟ್ಸಾಪ್ ಗ್ರೂಪಲ್ಲಿ ಫೆಸ್ಟ್ ಟೀ-ಶರ್ಟ್ ಮೇಲೆ ಸಿಂಹ ಬೇಕಾ, ಡ್ರ್ಯಾಗನ್ ಬೇಕಾ ಅಂತ ನಾಲ್ಕು ದಿನ ಜಗಳ ಆಯ್ತಲ್ಲ, ಆ ಹೊತ್ತಲ್ಲೇ ನಾನು ಹವಾಯಿಯ ಔಟ್‌ರಿಗರ್ ಕನೂ ತಂಡಗಳ ಯೂನಿಫಾರ್ಮ್ ಬಗ್ಗೆ ಓದೋಕೆ ಶುರು ಮಾಡಿದ್ದು. ಅಲ್ಲಿ ಒಂದು ತಂಡ ಎದೆ ಮೇಲೆ ಏನು ಹಾಕಬೇಕು ಅಂತ ಕೂತು ಮಾತಾಡಿದ್ರೆ, ಆ ಮಾತಿನೊಳಗೆ ಒಂದು ದೇಶ ಕಳ್ಕೊಂಡಿದ್ದು, ಒಂದು ಭಾಷೆ ಸಾಯೋಕೆ ಹೋಗಿದ್ದು, ಒಂದು ಬಟ್ಟೆ ಸತ್ತು ಎದ್ದಿದ್ದು ಎಲ್ಲಾ ಬರತ್ತೆ. ಎಂಟು ಭಾಗ ಇದೆ. ಬಸ್ಸಲ್ಲಿ ಕೂತು ಓದಿ.

2/8

ಮೊದಲು ದೋಣಿ ಅರ್ಥ ಆಗಲಿ, ಇಲ್ಲಾಂದ್ರೆ ಬಟ್ಟೆ ಅರ್ಥ ಆಗಲ್ಲ.

ಹವಾಯಿ ಭಾಷೆಯಲ್ಲಿ ದೋಣಿಗೆ 'ವಾ' ಅಂತಾರೆ (ನಡುವೆ ಗಂಟಲಲ್ಲಿ ಒಂದು ಸಣ್ಣ ತಡೆ ಕೊಟ್ಟು ಎರಡು ಸಲ ಹೇಳಬೇಕು, ವಾ-ಅ). ಉದ್ದ, ತೀರಾ ಸಪೂರ. ಹಾಗೇ ನೀರಿಗೆ ಬಿಟ್ರೆ ಮಗುಚಿ ಬೀಳತ್ತೆ. ಅದಕ್ಕೆ ಎಡಗಡೆ ಸ್ವಲ್ಪ ದೂರದಲ್ಲಿ ತೇಲೋ ಮರದ ತುಂಡೊಂದನ್ನ ಎರಡು ಬಾಗಿದ ತೊಲೆಗಳಿಂದ ಕಟ್ಟಿರ್ತಾರೆ. ಆ ತೇಲುಮರದ ಹೆಸರು 'ಅಮಾ'. ನಮಗೆ ಅಮ್ಮ ಅಂತಲೇ ಕೇಳಿಸತ್ತೆ. ಅರ್ಥಕ್ಕೆ ಸಂಬಂಧ ಇಲ್ಲ, ಆದರೆ ಕೆಲಸ ಅದೇ: ಬೀಳದ ಹಾಗೆ ಪಕ್ಕದಲ್ಲಿ ಹಿಡ್ಕೊಂಡಿರೋದು. ಈ ಥರ ಪಕ್ಕದಲ್ಲಿ ಮರ ಕಟ್ಟಿದ ಮೀನುಗಾರಿಕೆ ದೋಣಿ ನೋಡೋಕೆ ಪೆಸಿಫಿಕ್‌ವರೆಗೆ ಹೋಗಬೇಕಿಲ್ಲ, ಕಾರವಾರದಿಂದ ಗೋವಾ, ಮಾಲ್ವಣದ ಕಡೆಗೆ ಹೋಗೋರು ಬೀಚಲ್ಲಿ ಗಮನಿಸಿ.

ರೇಸಿನ ದೋಣಿಯಲ್ಲಿ ಆರು ಜನ, ಒಬ್ಬರ ಹಿಂದೆ ಒಬ್ಬರು. ಒಂದನೇ ಸೀಟಿನವರು ಲಯ ಹಿಡಿಯೋದು, ಆರನೇ ಸೀಟಿನವರು ದಾರಿ ತಿರುಗಿಸೋದು. ದೋಣಿಯ ತೂಕ 400 ಪೌಂಡ್, ಅಂದ್ರೆ ಸುಮಾರು 181 ಕೆಜಿಗಿಂತ ಕಮ್ಮಿ ಇರಬಾರದು ಅಂತ ಹವಾಯಿಯ ರೇಸಿನ ನಿಯಮ. ಅಷ್ಟು ಭಾರ ಮುಂದೆ ಹೋಗಬೇಕಾದ್ರೆ ಆರೂ ಹುಟ್ಟು ಒಂದೇ ಕ್ಷಣಕ್ಕೆ ನೀರಿಗೆ ಇಳಿಯಬೇಕು. ಒಬ್ಬರು ಅರ್ಧ ಸೆಕೆಂಡ್ ತಡ ಮಾಡಿದ್ರೂ ದೋಣಿಗೆ ಗೊತ್ತಾಗತ್ತೆ.

ಒಲಿಂಪಿಕ್ಸಿನ ರೋಯಿಂಗಲ್ಲಿ ಹಿಂದಕ್ಕೆ ಮುಖ ಮಾಡಿ ಕೂರ್ತಾರೆ. ಇಲ್ಲಿ ಎಲ್ಲರೂ ಮುಂದಕ್ಕೇ ನೋಡ್ತಾರೆ. ಹಾಗಾಗಿ ಗಂಟೆಗಟ್ಟಲೆ ನಿಮ್ಮ ಕಣ್ಣೆದುರಿಗಿರೋದು ಮುಂದಿನವರ ಬೆನ್ನು. ಆ ಬೆನ್ನಿನ ಏರಿಳಿತ ನೋಡ್ಕೊಂಡೇ ನಿಮ್ಮ ಹುಟ್ಟು ಓಡಬೇಕು. ಎದೆ ಮೇಲಿರೋ ಲೋಗೋ ಫೋಟೋಗೆ, ದಡದಲ್ಲಿ ನಿಂತ ಜನಕ್ಕೆ. ಬೆನ್ನ ಮೇಲಿರೋದು ತಂಡಕ್ಕೆ. ನಾನಾಗಿದ್ರೆ ಮುಖ್ಯವಾದದ್ದನ್ನೆಲ್ಲ ಬೆನ್ನಿಗೇ ಹಾಕ್ತಿದ್ದೆ.

3/8

ಹತ್ತಿ ಬರೋಕೆ ಮುಂಚೆ ಅಲ್ಲಿ ಏನು ಉಡ್ತಿದ್ರು? ಮರದ ತೊಗಟೆ.

ವಾವ್ಕೆ ಅನ್ನೋ ಗಿಡದ ಒಳತೊಗಟೆ ಸುಲಿದು, ನೆನೆಸಿ, ಮರದ ಕೊಡತಿಯಿಂದ ಬಡಿದು ಬಡಿದು ಹಾಳೆ ಥರ ಅಗಲ ಮಾಡ್ತಿದ್ರು. ಆ ಬಟ್ಟೆಯ ಹೆಸರು ಕಪ. ಇದು ಹೆಂಗಸರ ಕೈಯ ವಿದ್ಯೆ. ಕೊಡತಿಯ ಮೈಮೇಲೆ ಗೀರುಗಳನ್ನ ಕೆತ್ತಿರ್ತಿದ್ರು, ಬಡಿದಾಗ ಅದರ ಗುರುತು ಬಟ್ಟೆಯೊಳಗೆ ಕೂರ್ತಿತ್ತು. ನಮ್ಮ ನೋಟನ್ನ ಬೆಳಕಿಗೆ ಹಿಡಿದ್ರೆ ಕಾಣತ್ತಲ್ಲ ವಾಟರ್‌ಮಾರ್ಕ್, ಹಾಗೆ. ಅದರ ಮೇಲೆ ಬಿದಿರಿನ ಸೀಳಲ್ಲಿ ಕೆತ್ತಿದ ಅಚ್ಚಿನಿಂದ ಚಿತ್ತಾರ: ತ್ರಿಕೋನ, ಗೆರೆ, ಅಲೆ. ಈ ಬಿದಿರಚ್ಚಿಗೆ 'ಓಹೆ ಕಾಪಾಲ' ಅಂತಾರೆ. ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರತ್ತೆ.

ಬಣ್ಣ ಎಲ್ಲಿಂದ? ಕಪ್ಪಿಗೆ ಕುಕುಯ್ ಕಾಯಿ ಸುಟ್ಟ ಮಸಿ. ಕೆಂಪಿಗೆ ನೋನಿ ಗಿಡದ ತೊಗಟೆ (ಹೌದು, ಬಾಟಲಿಯಲ್ಲಿ ಜ್ಯೂಸ್ ಮಾಡಿ ಮಾರ್ತಾರಲ್ಲ, ಅದೇ ನೋನಿ). ಹಳದಿಗೆ 'ಓಲೆನಾ'. ಓಲೆನಾ ಅಂದ್ರೆ ಅರಿಶಿನ ಗುರು! ನಮ್ಮ ಅಡುಗೆಮನೆ ಡಬ್ಬದಲ್ಲಿರೋ ಅದೇ ಗಿಡ. ಏಷ್ಯಾ ಕಡೆಯ ಈ ಬೇರನ್ನ ಪಾಲಿನೇಷಿಯಾದವರು ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲೇ ಹೊತ್ತು ಸಾಗಿಸಿದ್ರು. ವಾವ್ಕೆ ಗಿಡವೂ ಹಾಗೇ ದೋಣಿಯಲ್ಲಿ ಬಂದಿದ್ದು. ಅಂದ್ರೆ ಬಟ್ಟೆಯೂ ಬಣ್ಣವೂ ಎರಡೂ ಹುಟ್ಟು ಹಾಕಿಕೊಂಡು ಬಂದವು.

ಹುಟ್ಟು ಹಾಕೋ ಗಂಡಸು ಉಡ್ತಿದ್ದಿದ್ದು ಮಾಲೊ, ನಮ್ಮ ಕಚ್ಚೆ ಥರದ ಒಂದು ಪಟ್ಟಿ. ಅರಸರದ್ದು ಬೇರೆ ಲೆಕ್ಕ. ಕೆಂಪು, ಹಳದಿ ಹಕ್ಕಿಗರಿಗಳನ್ನ ಬಲೆಗೆ ಕಟ್ಟಿ ಮಾಡಿದ ಮೇಲುಹೊದಿಕೆ, 'ಅಹು ಉಲ'. 1779ರ ಜನವರಿ 26ರಂದು ಕಲನಿಓಪುಉ ಅನ್ನೋ ಅರಸ ಕೆಅಲಕೆಕುವ ಕೊಲ್ಲಿಯಲ್ಲಿ ತನ್ನ ಮೈಮೇಲಿದ್ದ ಹೊದಿಕೆಯನ್ನೇ ತೆಗೆದು ಕುಕ್‌ಗೆ ಹೊದಿಸಿದ. ಅದರಲ್ಲಿ ಸುಮಾರು 20,000 ಹಕ್ಕಿಗಳ ಗರಿ ಇದೆ ಅಂತ ಅಂದಾಜು. 19 ದಿನ ಕಳೆದು, ಅದೇ ಕೊಲ್ಲಿಯಲ್ಲಿ, ಜಗಳ ಆಗಿ ಕುಕ್ ಸತ್ತ. ಹೊದಿಕೆ ಇಂಗ್ಲೆಂಡಿಗೆ ಹೋಯ್ತು, ಆಮೇಲೆ ನ್ಯೂಜಿಲೆಂಡಿನ ಮ್ಯೂಸಿಯಂ ಸೇರಿತು. ಹೊನೊಲುಲುವಿಗೆ ವಾಪಸ್ ಬಂದಿದ್ದು 2016ರಲ್ಲಿ. 237 ವರ್ಷ.

ಹಾಗಾಗಿ ಒಂದು ಹವಾಯಿ ತಂಡ ಕೆಂಪು-ಹಳದಿ ಜೋಡಿ ಆರಿಸ್ಕೊಂಡ್ರೆ ಅದು "ಕಾಂಬಿನೇಷನ್ ಚೆನ್ನಾಗಿದೆ" ಅನ್ನೋದಷ್ಟೇ ಅಲ್ಲ. (ನಮಗಂತೂ ಬಾವುಟದ ಬಣ್ಣ. ಅರ್ಥ ಬೇರೆ, ಆದರೆ ಬಣ್ಣದ ಮೇಲೆ ಪ್ರಾಣ ಇಟ್ಕೊಳ್ಳೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.)

4/8

ಈ ಭಾಗ ಸ್ವಲ್ಪ ಭಾರ.

1820ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆಯಿಂದ ಮಿಷನರಿಗಳು ಬಂದ್ರು. ಮೈ ತುಂಬ ಬಟ್ಟೆ ಹಾಕ್ಕೋಬೇಕು ಅಂತಾಯ್ತು. ಹುಲ ಕುಣಿತ, ಅಲೆಯ ಮೇಲೆ ಆಡೋದು, ಪಂದ್ಯ ಕಟ್ಟಿ ದೋಣಿ ಓಡಿಸೋದು, ಎಲ್ಲವನ್ನೂ ಕೆಟ್ಟ ಚಟ ಅನ್ನೋ ಥರ ನೋಡಿದ್ರು. ಹಡಗಿನಲ್ಲಿ ಅಗ್ಗದ ಹತ್ತಿ ಬಟ್ಟೆ ಬಂತು. ದಿನಗಟ್ಟಲೆ ತೊಗಟೆ ಬಡಿಯೋರು ಯಾರು? ಹತ್ತೊಂಬತ್ತನೇ ಶತಮಾನ ಮುಗಿಯೋ ಹೊತ್ತಿಗೆ ಕಪ ಮಾಡೋ ಕೈಗಳೇ ಇರಲಿಲ್ಲ. ಹೊರಗಿನಿಂದ ಬಂದ ಕಾಯಿಲೆಗಳು ಜನರನ್ನೇ ಮುಗಿಸ್ತಾ ಬಂದಿದ್ವು. 1890ರ ಜನಗಣತಿಯಲ್ಲಿ ಹವಾಯಿ ಮೂಲದವರು, ಮಿಶ್ರ ಸಂತಾನವನ್ನೂ ಸೇರಿಸಿ, ಸುಮಾರು 40,000 ಮಾತ್ರ.

ನಡುವೆ ಒಬ್ಬ ರಾಜ ತಿರುಗಿ ನಿಂತ: ಕಲಾಕೌವ. ಹುಲವನ್ನ ಅರಮನೆಗೆ ಕರೆದ, 1870ರ ದಶಕದಲ್ಲಿ ತನ್ನ ಹುಟ್ಟುಹಬ್ಬ ನವೆಂಬರ್ 16ಕ್ಕೆ ದೋಣಿ ಸ್ಪರ್ಧೆ ನಡೆಸೋ ಪದ್ಧತಿ ತಂದ. ಆದರೆ ಅವನ ತಂಗಿ ಲಿಲಿಉಓಕಲನಿ ರಾಣಿಯಾಗಿದ್ದಾಗ, 1893ರ ಜನವರಿ 17ರಂದು, ವ್ಯಾಪಾರಿಗಳ ಗುಂಪೊಂದು ಅಮೆರಿಕದ ನೌಕಾಪಡೆಯ ಬೆಂಬಲ ಇಟ್ಕೊಂಡು ಅವಳನ್ನ ಸಿಂಹಾಸನದಿಂದ ಇಳಿಸಿತು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಕಡ್ಡಾಯ ಆಯ್ತು. 1898ರಲ್ಲಿ ದೇಶವೇ ಅಮೆರಿಕಕ್ಕೆ ಸೇರಿತು.

ಈ ಹೊತ್ತಿಗೆ ಅಲ್ಲಿನ ದುಡಿಯೋ ಜನರ ಯೂನಿಫಾರ್ಮ್ ಯಾವುದು ಗೊತ್ತಾ? ಪಲಾಕ. ಕಬ್ಬಿನ ತೋಟದಲ್ಲಿ ಕೆಲಸ ಮಾಡ್ತಿದ್ದ ಜಪಾನಿ, ಚೀನಿ, ಪೋರ್ಚುಗೀಸ್ ಕೂಲಿಗಳು, ಹವಾಯಿಯವರು ಎಲ್ಲರೂ ಹಾಕ್ತಿದ್ದ ನೀಲಿ-ಬಿಳಿ ಚೌಕುಳಿಯ ಗಟ್ಟಿ ಅಂಗಿ. ಇಂಗ್ಲಿಷಿನ ಫ್ರಾಕ್ ಅನ್ನೋ ಪದವೇ ಅವರ ಬಾಯಲ್ಲಿ ಪಲಾಕ ಆಗಿದ್ದು. ಹೂವಿನ ಚಿತ್ರದ ಅಲೋಹಾ ಶರ್ಟು ಬಂದಿದ್ದು ಆಮೇಲೆ, 1930ರ ದಶಕದಲ್ಲಿ, ಕಿಮೋನೋ ಬಟ್ಟೆಯ ತುಂಡುಗಳಿಂದ, ಹೆಚ್ಚಾಗಿ ಪ್ರವಾಸಿಗಳಿಗೆ ಮಾರೋಕೆ. ನಾವು "ಹವಾಯಿ ಅಂಗಿ" ಅಂದ ಕೂಡಲೇ ಕಣ್ಣಿಗೆ ಬರೋದು ಅದೇ. ಇದು ನಂಗೆ ಸ್ವಲ್ಪ ಬೇಜಾರಿನ ವಿಷಯ. ಒಂದು ನಾಡಿನ ಬಟ್ಟೆ ಹೋದ ಮೇಲೆ ಅದರ ಜಾಗದಲ್ಲಿ ಟೂರಿಸ್ಟ್ ಬಟ್ಟೆ ಬಂದು ಕೂತಿದೆ, ಜಗತ್ತು ಅದನ್ನೇ ಅಸಲಿ ಅಂದ್ಕೊಂಡಿದೆ.

5/8

ಕ್ಲಬ್ಬುಗಳ ಕಾಲ. 1908ರಲ್ಲಿ ವೈಕಿಕಿಯಲ್ಲಿ ಔಟ್‌ರಿಗರ್ ಕನೂ ಕ್ಲಬ್ ಶುರುವಾಯ್ತು, ಸದಸ್ಯರು ಹೆಚ್ಚಿನವರು ಬಿಳಿಯರು. 1911ರಲ್ಲಿ 'ಹುಯ್ ನಲು' ಅಧಿಕೃತವಾಗಿ ಕಟ್ಟಿಕೊಂಡ್ತು, ಅಲ್ಲಿ ಹೆಚ್ಚಿನವರು ಹವಾಯಿಯ ಹುಡುಗರು. ಅವರಲ್ಲಿ ಒಬ್ಬ ಡ್ಯೂಕ್ ಕಹನಮೋಕು, ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದವನು. ಒಂದೇ ಕಡಲು, ಒಂದೇ ಥರದ ದೋಣಿ, ಎರಡು ಕ್ಲಬ್. ದೋಣಿ ಯಾರದ್ದು ಅಂತ ದಡದಿಂದ ಗುರುತಾಗಬೇಕಲ್ಲ? ಕ್ಲಬ್ ಬಣ್ಣಗಳಿಗೆ ಬೆಲೆ ಬರೋದು ಇಂಥ ಕಡೆಯೇ.

1952ರಲ್ಲಿ ಟೂಟ್ಸ್ ಮಿನ್ವಿಯೆಲ್ ಅನ್ನೋರ ಹಟದಿಂದ ಮೊಲೊಕಯ್ ದ್ವೀಪದಿಂದ ಓಅಹು ದ್ವೀಪಕ್ಕೆ ಕೈವಿ ಕಡಲ್ಗಾಲುವೆ ದಾಟೋ ರೇಸ್ ನಡೀತು, ಮೊಲೊಕಯ್ ಹೊಎ. ಮೊದಲ ವರ್ಷ ಬಂದಿದ್ದು ಮೂರೇ ದೋಣಿ. ಈಗಿನ ದಾರಿ ಸುಮಾರು 65 ಕಿ.ಮೀ. ಹೆಂಗಸರ ರೇಸ್ ಅಧಿಕೃತವಾಗಿ ಶುರುವಾಗೋಕೆ 1979 ಬರಬೇಕಾಯ್ತು. 27 ವರ್ಷ ಯಾಕೆ ಬೇಕಾಯ್ತು ಅಂತ ಹುಡುಗೀರಿಗೆ ವಿವರಿಸಬೇಕಿಲ್ಲ ಬಿಡಿ. 1986ರಲ್ಲಿ ಇದೇ ಹವಾಯಿ ರಾಜ್ಯದ ಅಧಿಕೃತ ತಂಡ ಕ್ರೀಡೆ ಆಯ್ತು.

ಆದರೆ ಬಟ್ಟೆಗೆ ಅರ್ಥ ತಿರುಗಿ ಬಂದಿದ್ದು 1970ರ ದಶಕದ ಎಚ್ಚರದಲ್ಲಿ. 1975ರಲ್ಲಿ ಹೊಕುಲೆಅ ಅನ್ನೋ ಜೋಡಿದೋಣಿ ಕಟ್ಟಿದ್ರು. 1976ರಲ್ಲಿ ದಿಕ್ಸೂಚಿ ಇಲ್ಲದೆ, ನಕ್ಷತ್ರ ಮತ್ತು ಅಲೆ ನೋಡ್ಕೊಂಡು ಅದು ತಹೀತಿ ತಲುಪಿತು. ದಾರಿ ತೋರಿಸಿದ್ದು ಮೌ ಪಿಯಾಯ್ಲುಗ್, ಮೈಕ್ರೋನೇಷಿಯಾದವರು, ಯಾಕಂದ್ರೆ ಹವಾಯಿಯಲ್ಲಿ ಆ ವಿದ್ಯೆ ತಿಳಿದೋರು ಉಳಿದಿರಲಿಲ್ಲ. 1978ರಲ್ಲಿ ಹವಾಯಿ ಭಾಷೆ ಮತ್ತೆ ಅಧಿಕೃತ ಭಾಷೆ ಆಯ್ತು. ಅದೇ ದಶಕದಲ್ಲಿ ಕೆಲವರು ಕಪ ಬಡಿಯೋಕೆ ಕೂತ್ರು. ಕಲಿಸೋಕೆ ಅಜ್ಜಿ ಇಲ್ಲ. ಮ್ಯೂಸಿಯಂನಲ್ಲಿದ್ದ ಹಳೆ ತುಂಡುಗಳನ್ನ ನೋಡಿ, ತಪ್ಪು ಮಾಡಿ, ಮತ್ತೆ ಬಡಿದು ಕಲಿತ್ರು. 2011ರಲ್ಲಿ ಹಿಲೊ ಊರಿನ ಮೆರಿ ಮೊನಾರ್ಕ್ ಹುಲ ಉತ್ಸವದಲ್ಲಿ ಒಂದು ಇಡೀ ತಂಡ ಹೊಸದಾಗಿ ಮಾಡಿದ ಕಪ ಉಟ್ಟು ಕುಣಿಯಿತು. (ಮೆರಿ ಮೊನಾರ್ಕ್, ಅಂದ್ರೆ ಉಲ್ಲಾಸದ ರಾಜ, ಅನ್ನೋದು ಕಲಾಕೌವನ ಅಡ್ಡಹೆಸರು.)

6/8

ಈಗ ಡಿಸೈನಿಗೆ ಬರೋಣ. ಹವಾಯಿಯಲ್ಲಿ ಒಂದು ತಂಡ ಎಲ್ಲಿಂದ ಶುರು ಮಾಡಬಹುದು?

ಸುಲಭದ್ದು ದ್ವೀಪದ ಬಣ್ಣ. 1923ರಲ್ಲಿ ಅಲ್ಲಿನ ಶಾಸನಸಭೆ ಪ್ರತಿ ದ್ವೀಪಕ್ಕೂ ಒಂದೊಂದು ಹೂವು ಗೊತ್ತು ಮಾಡಿತು. ಹವಾಯಿ ದೊಡ್ಡ ದ್ವೀಪಕ್ಕೆ ಲೆಹುಅ, ಕೆಂಪು. ಓಅಹುಗೆ ಇಲಿಮ, ಹಳದಿ. ಮಾವಿಗೆ ಗುಲಾಬಿ, ಮೊಲೊಕಯ್‌ಗೆ ಹಸಿರು, ಕೌಅಯ್‌ಗೆ ನೇರಳೆ. ನೀಹೌ ದ್ವೀಪದ್ದು ಹೂವೇ ಅಲ್ಲ, ಬಿಳಿ ಸಣ್ಣ ಚಿಪ್ಪು! ಹಾಗಾಗಿ ನೇರಳೆ ಜೆರ್ಸಿ ಕಂಡ್ರೆ ಕೌಅಯ್‌ನವರಾ ಅಂತ ಕೇಳೋದು ಸಹಜ.

ಸ್ವಲ್ಪ ಆಳಕ್ಕೆ ಹೋದ್ರೆ ಆ ಊರಿನ ಗಾಳಿ, ಮಳೆ, ಗುಡ್ಡ. ಅಲ್ಲಿ ಪ್ರತಿ ಕಣಿವೆಯ ಮಳೆಗೂ ಗಾಳಿಗೂ ಬೇರೆ ಬೇರೆ ಹೆಸರಿದೆ. ಅಥವಾ ದೋಣಿ ಹುಟ್ಟೋ ಕತೆ. ಕೊಅ ಅನ್ನೋ ಮರ ಕಡಿದ ಮೇಲೆ ಎಲೆಪಯೊ ಅನ್ನೋ ಪುಟ್ಟ ಹಕ್ಕಿ ಅದರ ಮೇಲೆ ಬಂದು ಕೂತು ಕುಕ್ಕೋಕೆ ಶುರು ಮಾಡಿದ್ರೆ ಒಳಗೆ ಹುಳ ಇದೆ ಅಂತ ಅರ್ಥ, ದೋಣಿಗೆ ಬಾರದು. ಕುಕ್ಕದೆ ಸುಮ್ಮನೆ ಓಡಾಡಿ ಹೋದ್ರೆ ಮರ ಗಟ್ಟಿ. ಆ ಹಕ್ಕಿ ದೋಣಿ ಕಟ್ಟೋರ ದೇವತೆ ಲೆಅಳ ರೂಪ. ಸಿಂಹ-ಡ್ರ್ಯಾಗನ್ ಪಾರ್ಟಿಯವರು ದಯವಿಟ್ಟು ಗಮನಿಸಿ: ಅಂಗೈಯಷ್ಟು ಹಕ್ಕಿ, ಆದರೆ ಅದು ಒಪ್ಪದೆ ದೋಣಿಯೇ ಇಲ್ಲ. ನನ್ನ ಪ್ರಕಾರ ಗರ್ಜಿಸೋ ಸಿಂಹಕ್ಕಿಂತ ಈ ಹಕ್ಕಿ ತೂಕದ ಲೋಗೋ.

ಚೆನ್ನಾಗಿ ಮಾಡಿದ ಯೂನಿಫಾರ್ಮಿಗೆ ಒಂದು ಉದಾಹರಣೆ ದೋಣಿಯದ್ದಲ್ಲ, ವಿಮಾನದ್ದು. ಹಿಲೊದಲ್ಲಿ 1985ರಿಂದ ಅಂಗಡಿ ಇಟ್ಟಿರೋ ಸಿಗ್ ಝೇನ್ ಡಿಸೈನ್ಸ್ 2017ರಲ್ಲಿ ಹವಾಯಿಯನ್ ಏರ್‌ಲೈನ್ಸ್ ಸಿಬ್ಬಂದಿಗೆ ಬಟ್ಟೆ ಮಾಡಿತು. ಮೂರನೇ ಭಾಗದ ಓಹೆ ಕಾಪಾಲ ನೆನಪಿದೆಯಾ? ಆ ಬಿದಿರಚ್ಚಿನ ಗೆರೆಗಳು ಮತ್ತು ಲೆಹುಅ ಹೂವು ಅದರ ಚಿತ್ತಾರ. ಹೆಸರು 'ಕು ಮಾಕೊ', ಒಟ್ಟಿಗೆ ನಿಲ್ತೀವಿ ಅಂತ. ಝೇನ್ ಅವರ ಪತ್ನಿಯ ಮನೆತನ ತಲೆಮಾರುಗಳಿಂದ ಹುಲ ಕಲಿಸೋ ಮನೆತನ. ಗಿಡದ ಹಾಡು, ಕುಣಿತ ಗೊತ್ತಿದ್ದವರೇ ಗಿಡದ ಚಿತ್ರ ಬರೆದಿದ್ದು. ವ್ಯತ್ಯಾಸ ಅಲ್ಲೇ ಇರೋದು.

7/8

ಗೊತ್ತಿಲ್ಲದೆ ಬರೆದ್ರೆ ಏನಾಗತ್ತೆ? ಬಿಕಾಂನವರಿಗೆ ಇದು ಕೇಸ್ ಸ್ಟಡಿ.

2013ರ ಆಗಸ್ಟ್. ನೈಕಿ ಕಂಪನಿ ಹೆಂಗಸರ ಟೈಟ್ಸ್ ಮಾರುಕಟ್ಟೆಗೆ ಬಿಡ್ತು, ಮೇಲೆ "ಟ್ಯಾಟೂ" ಚಿತ್ತಾರ. ಆ ಚಿತ್ತಾರ ಸಮೋವದ 'ಪೆಅ'. ಸಮೋವದ ಗಂಡಸರು ಸೊಂಟದಿಂದ ಮಂಡಿವರೆಗೆ, ದಿನಗಟ್ಟಲೆ ನೋವು ತಿಂದು ಹಾಕಿಸ್ಕೊಳ್ಳೋ ಹಚ್ಚೆ. ಗಂಡಸರಿಗೆ ಮಾತ್ರ. ಹೆಂಗಸರದ್ದು ಬೇರೆ, ಅದರ ಹೆಸರು ಮಲು. ಕಂಪನಿ ಗಂಡಸರ ಹಚ್ಚೆಯನ್ನ ಹೆಂಗಸರ ಟೈಟ್ಸ್ ಮೇಲೆ ಪ್ರಿಂಟ್ ಹೊಡೆದಿತ್ತು. ಪೆಸಿಫಿಕ್ ಜನ ಸಿಟ್ಟಾದ್ರು, ನೈಕಿ ಕ್ಷಮೆ ಕೇಳಿ ಮಾಲು ವಾಪಸ್ ತಗೊಂಡ್ತು.

ಅದೇ ವರ್ಷ ಫಿಜಿಯಲ್ಲಿ ಇನ್ನೊಂದು. ಅಲ್ಲಿನ ತೊಗಟೆ ಬಟ್ಟೆ ಮಸಿ, ಕಪಕ್ಕೆ ಅಕ್ಕತಂಗಿ ಅನ್ನಿ. ಫಿಜಿ ಏರ್‌ವೇಸ್ ತನ್ನ ಹೊಸ ಬ್ರ್ಯಾಂಡಿಗಾಗಿ ಮಸಿಯ 15 ಚಿತ್ತಾರಗಳಿಗೆ ಟ್ರೇಡ್‌ಮಾರ್ಕ್ ಕೇಳಿತು. ಅಜ್ಜಿಯಂದಿರು ಕೈಯಿಂದ ಕೈಗೆ ದಾಟಿಸಿದ ಗೆರೆ ಇನ್ನು ಒಂದು ಕಂಪನಿಯ ಆಸ್ತಿನಾ ಅಂತ ಜನ ಎದ್ದು ನಿಂತ್ರು. ನಾವು ಬಿಸಿನೆಸ್ ಲಾ ಕ್ಲಾಸಲ್ಲಿ ಟ್ರೇಡ್‌ಮಾರ್ಕ್ ಅಂದ್ರೆ "ಮೊದಲು ರಿಜಿಸ್ಟರ್ ಮಾಡಿದವನದ್ದು" ಅನ್ನೋ ಥರ ಓದ್ಕೊಂಡು ಹೋಗ್ತೀವಿ. ರಿಜಿಸ್ಟರ್ ಆಫೀಸು ಹುಟ್ಟೋಕೆ ಎಷ್ಟೋ ಮುಂಚೆ ಹುಟ್ಟಿದ ಗೆರೆಗೆ ಆ ಲೆಕ್ಕ ಕೂರಲ್ಲ. ಇಳಕಲ್ ಸೀರೆಗೆ ಜಿಐ ಟ್ಯಾಗ್ ಕೊಟ್ಟಿದ್ದು ಒಬ್ಬ ಮಾಲೀಕನಿಗಲ್ಲ, ಊರಿನ ಕಸುಬಿಗೆ. ಆ ದಾರಿ ಸ್ವಲ್ಪ ಹತ್ತಿರ ಬರತ್ತೆ.

ಇನ್ನು ಮೊದಲ ಸ್ಲೈಡಿನ ಸೋರೆಬುರುಡೆ. ಹವಾಯಿಯಲ್ಲಿ ಈಗ ಅದರ ಪುಟ್ಟ ನಕಲುಗಳು ಕಾರಿನ ಕನ್ನಡಿಗೆ ತೂಗಾಡ್ತಾವೆ, ಸ್ಟಿಕರ್ ಆಗಿವೆ, ಟೀ-ಶರ್ಟ್ ಮೇಲಿವೆ. ಅಲ್ಲಿಯವರೇ ಹಾಕ್ಕೊಂಡ್ರೆ ಅದು ಹೆಮ್ಮೆ. ಕ್ಯಾಲಿಫೋರ್ನಿಯಾ, ಜರ್ಮನಿ, ಜಪಾನಿನಲ್ಲೂ ಈಗ ಔಟ್‌ರಿಗರ್ ಕ್ಲಬ್ ಇವೆ. ಅವರು ಅದನ್ನೇ ಕಾಪಿ ಹೊಡೆದು "ಟ್ರೈಬಲ್ ಲುಕ್" ಅಂದ್ರೆ? ನನ್ನ ಅಭಿಪ್ರಾಯ ನೇರ: ದೋಣಿ ಅಲ್ಲಿಂದ ಕಲಿತದ್ದು, ಸರಿ, ಅದರ ಹೆಸರು ಹೇಳಿ, ಕಲಿಸಿದವರ ಹತ್ತಿರ ಕೇಳಿ. ಬಟ್ಟೆ ಮೇಲೆ ಮಾತ್ರ ನಿಮ್ಮ ನದಿ, ನಿಮ್ಮ ಹಕ್ಕಿ ಬರಲಿ. ಎಲ್ಬೆ ನದಿಯಲ್ಲಿ ಹುಟ್ಟು ಹಾಕೋರ ಬೆನ್ನ ಮೇಲೆ ಎಲ್ಬೆಯ ಕೊಕ್ಕರೆ ಇದ್ರೆ ಅದಕ್ಕೇನು ಕಮ್ಮಿ?

8/8

ಕೊನೆಗೆ ಬಟ್ಟೆಯ ಕೆಲಸ.

ಈಗಿನ ಜೆರ್ಸಿ ಹೆಚ್ಚಿನವು ಪಾಲಿಯೆಸ್ಟರ್, ಉದ್ದ ತೋಳು, ಬಿಸಿಲಿಗೆ ಮತ್ತು ಉಪ್ಪಿಗೆ. ಪ್ರಿಂಟು ಸಬ್ಲಿಮೇಷನ್: ಚಿತ್ರವನ್ನ ಮೊದಲು ಕಾಗದಕ್ಕೆ ಹೊಡೆದು, ಸುಮಾರು 200 ಡಿಗ್ರಿ ಬಿಸಿಯಲ್ಲಿ ಬಟ್ಟೆಗೆ ಒತ್ತಿದಾಗ ಬಣ್ಣ ಆವಿಯಾಗಿ ನೂಲಿನೊಳಗೇ ಇಳಿಯತ್ತೆ. ಉದುರಲ್ಲ, ಬಿರುಕು ಬಿಡಲ್ಲ. ಹತ್ತಿಗೆ ಇದು ಹಿಡಿಯಲ್ಲ, ಬಟ್ಟೆಯೂ ಬಿಳಿ ಅಥವಾ ತಿಳಿ ಬಣ್ಣದ್ದೇ ಆಗಬೇಕು. (ಫೆಸ್ಟ್ ಕಮಿಟಿಯವರೇ, ಕಪ್ಪು ಹತ್ತಿ ಟೀ-ಶರ್ಟ್ ಮೇಲೆ ಸಬ್ಲಿಮೇಷನ್ ಕೊಡಿ ಅಂತ ಪ್ರಿಂಟಿಂಗ್ ಅಂಗಡಿಗೆ ಹೋಗಬೇಡಿ, ನಗ್ತಾರೆ.) ಸಣ್ಣ ಗೆರೆ, ಸಣ್ಣ ಅಕ್ಷರ ಕಂಪ್ಯೂಟರಲ್ಲಿ ಚೆಂದ. ನೀರಲ್ಲಿ ಇಪ್ಪತ್ತು ಮೀಟರ್ ದೂರದಿಂದ ಎಲ್ಲಾ ಸೇರಿ ಬೂದು ಬಣ್ಣ. ಓಹೆ ಕಾಪಾಲದ ಗೆರೆಗಳು ಜೆರ್ಸಿಗೆ ಹೊಂದೋದು ಸುಮ್ಮನೆ ಅಲ್ಲ, ದಪ್ಪ ಗೆರೆ, ಸರಳ ಆಕಾರ, ಮತ್ತೆ ಮತ್ತೆ ಅದೇ ಬರತ್ತೆ.

ಬಣ್ಣದ ವಿಷಯಕ್ಕೆ ಬಂದ್ರೆ ಕಡಲಿನ ಮಾತನ್ನೂ ಕೇಳಬೇಕು. ನೀಲಿ ಹಾಕಿದ್ರೆ ನೀರಲ್ಲಿ ಕರಗಿ ಹೋಗ್ತೀರಿ, ಬಿಳಿ ಹಾಕಿದ್ರೆ ನೊರೆಯಲ್ಲಿ. ಕಿತ್ತಳೆ, ಗಿಳಿಹಸಿರು ಕಾಣತ್ತೆ.

ಯಾಕೆ ಕಾಣಬೇಕು ಅಂದ್ರೆ, ಮೊಲೊಕಯ್ ಹೊಎನಲ್ಲಿ ಒಂದು ತಂಡಕ್ಕೆ ಸಾಮಾನ್ಯವಾಗಿ ಒಂಬತ್ತು ಜನ. ದೋಣಿಯಲ್ಲಿ ಆರು, ಜೊತೆಗೆ ಬರೋ ಮೋಟಾರ್ ಬೋಟಲ್ಲಿ ಮೂರು. ಬದಲಾಗೋ ಹೊತ್ತಿಗೆ ಬೋಟು ಮುಂದೆ ಹೋಗಿ, ಹೊಸಬರು ನಡುಗಡಲಲ್ಲಿ ನೀರಿಗೆ ಧುಮುಕಿ ಸಾಲಾಗಿ ಕಾಯ್ತಾರೆ. ದೋಣಿ ನಿಲ್ಲಲ್ಲ. ಆರನೇ ಸೀಟಿನವರು ಅಲೆಗಳ ನಡುವೆ ಮೂರು ತಲೆ, ಮೂರು ತೋಳು ಹುಡುಕಿ, ದೋಣಿಯನ್ನ ನೇರ ಅವರ ಮೇಲೇ ತರ್ತಾರೆ. ಸುಸ್ತಾದವರು ಒಂದು ಪಕ್ಕದಿಂದ ಹಾರ್ತಾರೆ, ಕಾದವರು ಇನ್ನೊಂದು ಪಕ್ಕ ಅಂಚು ಹಿಡಿದು ಹತ್ತಿ ಹುಟ್ಟು ತಗೋತಾರೆ. ಕೆಲವೇ ಸೆಕೆಂಡಿನ ಕೆಲಸ. ದೋಣಿ ಮುಂದೆ ಹೋಗತ್ತೆ. ಹಿಂದೆ ನೀರಲ್ಲಿ ಉಳಿದ ಮೂವರನ್ನ ಬೋಟಿನವರು ಹುಡುಕಿ ಎತ್ತಬೇಕು, ಎಣಿಸಬೇಕು: ಒಂದು, ಎರಡು, ಮೂರು.

#ಹವಾಯಿ #ದೋಣಿ #ಬಟ್ಟೆಯಚರಿತ್ರೆ #ಕನ್ನಡದಲ್ಲಿಇತಿಹಾಸ